ಪಕ್ಕೆಯ ಕೆಂಪು

ಮೌನ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಕೆಮ್ಮುವವರು ಕೆಮ್ಮಿ ಮುಗಿಸಿದ್ದರು, ಬೆಂಚುಗಳು ಕಿರುಗುಟ್ಟುವುದನ್ನು ನಿಲ್ಲಿಸಿದ್ದವು, ಎದುರು ಬೆಂಚಿನ ಹಿರಿಯರು ಅಗಲ ಅಂಚಿನ ಟೋಪಿಗಳನ್ನು ಹುಬ್ಬಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದ್ದರು. ಪಾದ್ರಿಯಿಲ್ಲ, ಹಾಡಿಲ್ಲ, ಗಂಟೆಯಿಲ್ಲ. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಿಂತು ಮಾತಾಡಬೇಕು, ಆಗದಿದ್ದರೆ ಹಿರಿಯರಿಬ್ಬರು ಕೈಕುಲುಕಿ ಸಭೆ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಎಲಿಶಾ ಪೆನ್ನಕ್ ಗಂಡಸರ ಕಡೆಯ ಬೆಂಚಿನಲ್ಲಿ ಕೂತು, ಮನಸ್ಸನ್ನು ಕಿವಿ ಹಿಡಿದು ಕೂರಿಸುವ ತನ್ನ ವಾರವಾರದ ಕಸರತ್ತಿಗೆ ಇಳಿದಿದ್ದ. ಈ ಸಭೆಮನೆಯಲ್ಲಿ ಕೂತು ಕೂತೇ ಅವನ ಕೂದಲು ನರೆತಿತ್ತು, ಆದರೆ ಒಂದು ಸಲವೂ ಪ್ರೇರಣೆಯಾದದ್ದಿಲ್ಲ. ಆದದ್ದೆಲ್ಲ ಹಸಿವು, ತೂಕಡಿಕೆ, ಇಲ್ಲವೇ ನಿನ್ನೆ ಬರೆದ ಗಿಡುಗನ ಕೊಕ್ಕು ಒಂದು ಕೂದಲೆಳೆ ಉದ್ದವಾಯಿತೇನೋ ಎಂಬ ಕಳವಳ. ಇವತ್ತೂ ಅಂಥದ್ದೇ ಏನೋ ಒಂದರ ಬೆನ್ನು ಹತ್ತಿ ಹೊರಟಿದ್ದಾಗ ಹೆಂಗಸರ ಕಡೆಯ ಕಿಟಕಿಯಾಚೆ, ಹೂಗೊಂಚಲು ಬಿಟ್ಟ ಓಕ್ ಮರದಲ್ಲಿ, ಒಂದು ಹಕ್ಕಿ ಉಲಿಯಿತು. ಸೀ ಸೀ ಸೀ ಎಂದು, ಎಲ್ಲಿ ಮುರಿದುಹೋಗುತ್ತದೋ ಅನ್ನುವಷ್ಟು ತೆಳ್ಳನೆಯ ದನಿ. ಅವನಿಗೆ ಗೊತ್ತಿಲ್ಲದ ದನಿ. ಈ ಬ್ರ್ಯಾಂಡಿವೈನ್ ಹೊಳೆಯ ಎರಡೂ ದಡದಲ್ಲಿ ಅವನಿಗೆ ಗೊತ್ತಿಲ್ಲದ ದನಿಯೊಂದಿದೆ ಎಂದರೆ! ಕಣ್ಣು ತಾನಾಗಿ ತೆರೆದುಕೊಂಡಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳತೊಡಗಿತೆಂದರೆ ಪಕ್ಕದಲ್ಲಿ ಕೂತವನಿಗೆ ಕೇಳಿಸಿಬಿಟ್ಟೀತೆಂದು ಅವನು ಕೋಟಿನ ಗುಂಡಿ ಹಾಕಿಕೊಂಡ.

ಪೇಚಾಟವೆಂದರೆ ಕಿಟಕಿ ಹೆಂಗಸರ ಕಡೆಯದು. ಅದರ ಕೆಳಗೆ ಸರಿಯಾಗಿ ವಿಧವೆ ಪೇಷೆನ್ಸ್ ಹಾರ್ಲನ್ ಕೂರುತ್ತಾಳೆ. ಹಕ್ಕಿ ನೋಡಬೇಕೆಂದರೆ ಅವಳ ಬೂದುಬಣ್ಣದ ಕುಲಾವಿಯ ಮೇಲಿನಿಂದಲೇ ನೋಡಬೇಕು, ನೋಡಿದರೆ ಅವಳನ್ನೇ ನೋಡಿದಂತಿರುತ್ತದೆ. ಅವನು ಒಮ್ಮೆ ನೋಡಿದ. ಅವಳು ಕುಲಾವಿಯ ಲಾಡಿ ಸರಿಪಡಿಸಿಕೊಂಡಳು. ಅವನು ತಟ್ಟನೆ ತಲೆ ತಗ್ಗಿಸಿದ. ಹಕ್ಕಿ ಮತ್ತೆ ಉಲಿಯಿತು, ಅವನು ಮತ್ತೆ ನೋಡಿದ, ಅವಳು ಮತ್ತೆ ಲಾಡಿ ಮುಟ್ಟಿಕೊಂಡಳು. ಈ ವಯಸ್ಸಿನಲ್ಲಿ ಇದೂ ಒಂದು ಬಾಕಿಯಿತ್ತು ಎಂದುಕೊಂಡ. ಎದುರು ಬೆಂಚಿನ ನಡುವೆ ಕೂತ ಅಮೋಸ್ ಟ್ರಿಂಬಲ್ ಕಣ್ಣು ಮುಚ್ಚಿಯೇ ಎಲ್ಲವನ್ನೂ ನೋಡುವ ಹಿರಿಯ. ಕಳೆದ ಚಳಿಗಾಲದಲ್ಲಿ ಎಲಿಶಾನ ಮನೆಗೆ ಬುದ್ಧಿ ಹೇಳಲೆಂದೇ ಬಂದು, ಒಲೆಯ ಮುಂದೆ ಬೂಟು ಒಣಗಿಸಿಕೊಳ್ಳುತ್ತ, ಮೇಜಿನ ಮೇಲಿದ್ದ ನೀಲಿ ಜೇ ಹಕ್ಕಿಯ ಚಿತ್ರವನ್ನು ಬಹಳ ಹೊತ್ತು ನೋಡಿದ್ದ. ಈ ಜನರಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಗೂ ‘ನೀನು’ ಎಂದೇ ಮಾತು. ಬಹುವಚನ ಮುಖಸ್ತುತಿಗೆ ಸಮ, ಕರೆಯುವುದು ‘ಗೆಳೆಯಾ’ ಎಂದು.

"ಎಲಿಶಾ, ದೇವರು ಹಕ್ಕಿ ಮಾಡಿದ್ದಾನೆ. ಸರಿಯಾಗೇ ಮಾಡಿದ್ದಾನೆ. ನೀನು ಇನ್ನೊಂದ್ಸಲ ಯಾಕೆ ಮಾಡ್ತೀಯ?"

"ದೂರದಲ್ಲಿರೋರೂ ನೋಡ್ಲಿ ಅಂತ, ಗೆಳೆಯಾ."

"ದೂರದಲ್ಲಿರೋರಿಗೆ ಅವರ ಹಕ್ಕಿ ಇರಲ್ವಾ?"

ಅವನ ಹೆಂಡತಿ ಥಾಮಸಿನ್ ಸೇಬಿನ ಪೈ ತಂದಿಟ್ಟು ಮಾತು ತಿರುಗಿಸಿದ್ದಳು. ಈಗ ಆ ಥಾಮಸಿನ್ ಪೇಷೆನ್ಸಳ ಮುಂದಿನ ಬೆಂಚಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳ ಮೌನ ನಿಜವಾದ ಮೌನ. ಎಲಿಶಾನ ಮೌನದ ಒಳಗೆ ಸಂತೆ ನೆರೆದಿತ್ತು.

ಅಷ್ಟರಲ್ಲಿ ಹಕ್ಕಿ ಹೊರಗಿನ ಕೊಂಬೆಗೆ ಬಂತು. ಬೆನ್ನು ತೋರಿಸಿ ಕೂತಿತು. ಹಸುರುಬೂದು ಬೆನ್ನು, ರೆಕ್ಕೆಯ ಮೇಲೆ ಎರಡು ಬಿಳಿ ಪಟ್ಟೆ, ಮೇಲಿನದು ಅಗಲ, ಕೆಳಗಿನದು ಅಂಚಿನಲ್ಲಿ ಹರಿದಂತೆ. ಇದು ಅವನ ಹಕ್ಕಿ! ಅವನದೇ! ಹೋದ ಶರತ್ಕಾಲದಲ್ಲಿ ಒಂದೇ ಒಂದು ಸಿಕ್ಕಿದ್ದು, ಆಮೇಲೆ ಪೊದೆಪೊದೆ ತಡಕಾಡಿದರೂ ಕಣ್ಣಿಗೆ ಬೀಳದೆ ಹೋದದ್ದು, ಅವನು ಹೊಸ ಜಾತಿಯೆಂದು ಚಿತ್ರ ಬರೆದು ಹೆಸರಿಟ್ಟ ಲಿಡಿಯಾ ಉಲಿಯಕ್ಕಿ. ಫಿಲಡೆಲ್ಫಿಯದ ಕೆತ್ತನೆಗಾರ ಗಿಲ್‌ಕ್ರಿಸ್ಟ್ ಆ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೆತ್ತುವಾಗ ಮೂಗು ಮುರಿದಿದ್ದ. ಅವನು ಸ್ಕಾಟ್‌ಲೆಂಡಿನವನು, ಈ ಪಂಥದವನಲ್ಲ. ಎಲಿಶಾನನ್ನು ಕಾಡಿಸಲೆಂದೇ ಬಹುವಚನ ಹಚ್ಚಿ ಮಾತಾಡುತ್ತಿದ್ದ. "ಅಲ್ಲ ಪೆನ್ನಕ್ ಸಾಹೇಬ್ರೇ, ಒಂದೇ ಒಂದು ಪಿಳ್ಳೆ ಹಕ್ಕಿ ನೋಡಿ ಒಂದು ವಂಶವನ್ನೇ ಕಟ್ಟಿಬಿಟ್ರಲ್ಲ ತಾವು! ನಾನು ಅಕ್ಷರ ಕೆತ್ತಿಬಿಡ್ತೀನಿ. ನಾಳೆ ಅದಲ್ಲ ಇದು ಅಂದ್ರೆ ಆ ಅಕ್ಷರ ಅಳಿಸೋಕೆ ತಗಡನ್ನ ಮಗುಚಿ ಹಾಕಿ, ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ, ಮುಂದಿನಿಂದ ಉಜ್ಜಬೇಕು. ಆ ಕೆಲಸ ನನಗೆ ಆಗಿಬರಲ್ಲ." ಕೆತ್ತಿದ್ದಾಯಿತು. ಮೊದಲ ಅಚ್ಚು ಮೊನ್ನೆ ಮನೆಗೆ ಬಂದಿದೆ, ಜೊತೆಗೆ ಅವನ ಮೂಲ ಚಿತ್ರವೂ. ಹಕ್ಕಿಯ ಕೆಳಗೆ ಲಿಡಿಯಾ ಎಂದು ತೆಳ್ಳನೆಯ ಬಳ್ಳಿಯಕ್ಷರ. ನಾಳೆ ಬೆಳಿಗ್ಗೆಯ ಟಪಾಲು ಗಾಡಿಯಲ್ಲಿ ಸರಿಯಿದೆ ಎಂದು ಹೇಳಿ ಕಳಿಸಿದರೆ ಮುಗಿಯಿತು, ಪುಸ್ತಕ ಅಚ್ಚಾಗುತ್ತದೆ, ಸಮುದ್ರದಾಚೆಗೂ ಹೋಗುತ್ತದೆ. ಈಗ ನೋಡು, ಗಿಲ್‌ಕ್ರಿಸ್ಟ್! ವಸಂತದಲ್ಲೂ ಬಂದಿದೆ, ಹಾಡುತ್ತಲೂ ಇದೆ. ಅದರ ಹಾಡು ಕೇಳಿದ ಮೊದಲ ಮನುಷ್ಯ ನಾನು! ಒಂದು ಕೋವಿ ಇದ್ದಿದ್ದರೆ ಎಂದು ಅವನ ಬೆರಳು ಚಡಪಡಿಸಿತು. ದೇವರ ಎದುರು ಕೂತು ಕೋವಿಗೆ ಹಂಬಲಿಸಿದವನು ಈ ಸಭೆಯಲ್ಲಿ ತಾನೊಬ್ಬನೇ ಇರಬೇಕೆಂದು ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ನಗುವೂ ಬಂತು, ಅದನ್ನು ಕೆಮ್ಮಾಗಿ ಮಾರ್ಪಡಿಸಿದ. ಅಮೋಸನ ರೆಪ್ಪೆ ಅದುರಿತು.

ಲಿಡಿಯಾ, ಅವನ ಮಗಳು, ಗೋಡೆಯಾಚೆಗೇ ಮಲಗಿದ್ದಾಳೆ. ಓಕ್ ಮರ ದಾಟಿದರೆ ಕಲ್ಲಿನ ಮೋಟುಗೋಡೆ, ಗೋಡೆಯಾಚೆ ಹುಲ್ಲು. ಇವರು ಗೋರಿಗೆ ಕಲ್ಲು ನೆಡುವುದಿಲ್ಲ, ಹೆಸರು ಬರೆಯುವುದಿಲ್ಲ. ಸತ್ತ ಮೇಲೂ ಹೆಸರಿನ ಹಮ್ಮು ಯಾಕೆ ಎಂಬ ಮಾತು ಎಲಿಶಾನಿಗೆ ಚಿಕ್ಕಂದಿನಿಂದ ಬಾಯಿಪಾಠ. ಅವನ ಅಪ್ಪನನ್ನು ಹೂಳಿದಾಗಲೂ ಅದು ಸರಿಯೆನಿಸಿತ್ತು. ಮಗಳ ವಿಷಯಕ್ಕೆ ಬಂದಾಗ ಮಾತ್ರ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹಿಮ ಕರಗಿದ ಮೇಲೆ ಒಂದು ದಿನ ಗೋಡೆಯ ಬಳಿ ನಿಂತು ನೋಡಿದರೆ ಥಾಮಸಿನ್ ಒಳಗೆ ಒಬ್ಬಳೇ, ತಗ್ಗಿಹೋದ ಎರಡು ದಿಬ್ಬಗಳ ನಡುವೆ ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ ಇಡುತ್ತಿದ್ದಳು. ಯಾವುದು ತನ್ನ ಮಗುವಿನದೆಂದು ಅವಳಿಗೆ ಗುರುತು ಹತ್ತಿರಲಿಲ್ಲ. ಕೊನೆಗೆ ಎರಡರ ನಡುವೆ ಕೂತುಬಿಟ್ಟಳು. ಅವನು ಹತ್ತಿರ ಹೋಗಲಿಲ್ಲ, ಮನೆಗೆ ಬಂದು ಗಿಲ್‌ಕ್ರಿಸ್ಟ್‌ನಿಗೆ ಅಕ್ಷರ ಕೆತ್ತಲು ಹೇಳಿ ಕಳಿಸಿದ. ಹುಲ್ಲು ಬೆಳೆದರೆ ಬೆಳೆಯಲಿ, ಹಕ್ಕಿಗೆ ಹೆಸರಿದೆಯಲ್ಲ. ಪ್ರತಿ ಶರತ್ಕಾಲ ಅದು ಈ ದಾರಿಯಲ್ಲಿ ಹಾದುಹೋಗುವಾಗ ಯಾರಾದರೊಬ್ಬರು ಬೆರಳು ಮಾಡಿ, ಓ ಅಲ್ಲಿ ಲಿಡಿಯಾ, ಎನ್ನುತ್ತಾರಲ್ಲ. ಆ ಮಗುವಿಗೆ ಮುಂದಿನ ಹಲ್ಲು ಬಿದ್ದಿತ್ತು. ಅವನು ಚಿತ್ರಕ್ಕೆಂದು ಯಾವ ಹಕ್ಕಿಯನ್ನು ತಂತಿಯಲ್ಲಿ ಕಟ್ಟಿ ನಿಲ್ಲಿಸಿದರೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ಬೂದು ಲಂಗವನ್ನೊಮ್ಮೆ ನೋಡಿಕೊಂಡು, "ಅಪ್ಪಾ, ಇದಕ್ಕೆ ಬೇರೆ ಬಟ್ಟೆ ಇಲ್ವಾ? ಇದಕ್ಕೂ ಯಾವಾಗ್ಲೂ ಇದೇನಾ?" ಎಂದು ಆ ಸಂದಿಯಿಂದ ಗಾಳಿ ಬಿಡುತ್ತ ಕೇಳುತ್ತಿದ್ದಳು. "ಇಲ್ಲ, ಇದೇ," ಎಂದು ಅವನು ತಲೆಯೆತ್ತದೆ ಹೇಳುತ್ತಿದ್ದ.

ಹೋದ ವರ್ಷ ಒಂಬತ್ತನೆಯ ತಿಂಗಳ, ಹೊರಗಿನವರ ಸೆಪ್ಟೆಂಬರಿನ, ಕೊನೆಯಲ್ಲಿ ಲಿಡಿಯಾ ಜ್ವರ ಬಂದು ಹೋದಳು. ಹೂಳಿದ ದಿನ ಬಿಸಿಲಿತ್ತು. ಅಮೋಸ್ ಮತ್ತು ಇನ್ನಿಬ್ಬರು ಮಣ್ಣು ಎಳೆಯುತ್ತಿದ್ದರು, ಮಿಕ್ಕವರು ಸುತ್ತ ಸುಮ್ಮನೆ ನಿಂತಿದ್ದರು, ಎಲಿಶಾ ಗುಣಿಯನ್ನು ನೋಡಲಾರದೆ ಕಣ್ಣೆತ್ತಿದ. ಗೋಡೆಯ ಮೇಲೆ ಹಬ್ಬಿದ ಕಾಡುದ್ರಾಕ್ಷಿಯಲ್ಲಿ ಒಂದು ಪುಟ್ಟ ಹಕ್ಕಿ ಹುಳ ಆಯುತ್ತಿತ್ತು. ಬೆನ್ನು ಹಸುರುಬೂದು. ರೆಕ್ಕೆಯಲ್ಲಿ ಎರಡು ಪಟ್ಟೆ. ಕಾಲು ಕಪ್ಪು, ಹಳದಿಯಲ್ಲ. ಎದೆಯಲ್ಲಿ ಗೆರೆಯಿಲ್ಲ. ಇದು ಯಾವುದು? ಇದನ್ನು ಯಾರೂ ಬರೆದಿಲ್ಲ! ಮಗಳ ಮೇಲೆ ಮಣ್ಣು ಬೀಳುವ ಸದ್ದು ಕಿವಿಯಲ್ಲಿರುವಾಗಲೇ ಅವನು ಪಟ್ಟೆ ಎಣಿಸುತ್ತಿದ್ದ, ಎಣಿಸುತ್ತ ಅವನಿಗೆ ಸಂತೋಷವಾಗಿತ್ತು. ಆ ಒಂದು ಗಳಿಗೆ ಅವನಿಗೆ ಮಗಳು ಸತ್ತದ್ದು ಮರೆತೇಹೋಗಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಥಾಮಸಿನ್‌ಗಂತೂ ಸತ್ತರೂ ಹೇಳಲಾರ. ಮರುದಿನ ಕೋವಿ ತಂದು ಗೋಡೆಯ ಹೊರಗಿನಿಂದ ಹಕ್ಕಿಯನ್ನು ಹೊಡೆದ. ಹೆಸರಿಟ್ಟದ್ದು ಪ್ರೀತಿಯಿಂದಲೋ, ಆ ಗಳಿಗೆಯನ್ನು ಮುಚ್ಚಿಹಾಕಲಿಕ್ಕೋ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ ಎದ್ದು ಹೋಗಿ ಕುಂಚ ತೊಳೆಯುತ್ತಿದ್ದ.

ಸತ್ತ ಹಕ್ಕಿಯ ಬಣ್ಣ ಕಾಯುವುದಿಲ್ಲ. ಗರಿ ಉಳಿಯುತ್ತದೆ, ಆದರೆ ಕಣ್ಣಿನ ಹೊಳಪು, ಕೊಕ್ಕಿನ ಬುಡ, ಕಾಲಿನ ಬಣ್ಣ ನೋಡನೋಡುತ್ತಲೇ ಬೂದಿಯಾಗುತ್ತವೆ. ಕೂಳು ನೀರು ಬಿಟ್ಟು ಬರೆದುಬಿಡಬೇಕು. ಆ ದಿನ ತಂತಿ ಕಟ್ಟಲೂ ಪುರುಸೊತ್ತಿಲ್ಲದೆ ಅವನು ಥಾಮಸಿನ್‌ಳ ಕೈಗೆ ಹಕ್ಕಿ ಕೊಟ್ಟು, ಹೀಗೆ ಹಿಡಿ, ಕತ್ತು ಸ್ವಲ್ಪ ಎತ್ತು ಎಂದ. ಹಿಂದಿನ ದಿನ ಮಗುವನ್ನು ಮಣ್ಣಿಗೆ ಕೊಟ್ಟ ಕೈ ಅದು. ಅವಳು ಹಿಡಿದು ನಿಂತಳು. ಪಕ್ಕೆಯಲ್ಲಿ, ರೆಕ್ಕೆಯ ಕೆಳಗೆ, ಒಂದು ಕಂದುಗೆಂಪು ಕಲೆಯಿತ್ತು. ಅವಳು ಅರಿವೆಯ ತುದಿಯನ್ನು ನೀರಲ್ಲಿ ಅದ್ದಿ ಒರೆಸಿದಳು, ಮತ್ತೆ ಅದ್ದಿ ಒರೆಸಿದಳು.

"ಹೋಗ್ತಾ ಇಲ್ಲ ಇದು."

"ರಕ್ತ. ಕೋವಿಯ ಛರೆ ತಾಗಿದೆ. ಬಿಡು."

"ಉಜ್ಜಿದ್ರೂ ಹೋಗ್ತಾ ಇಲ್ವಲ್ಲ, ಎಲಿಶಾ."

"ಒಣಗಿದ ರಕ್ತ ಹಾಗೇನೇ. ನೀನು ಕತ್ತು ಎತ್ತಿ ಹಿಡಿ."

ಅವಳು ಉಜ್ಜುವುದನ್ನು ನಿಲ್ಲಿಸಲೇ ಇಲ್ಲ. ಕೊನೆಗೆ ಅವನು ಅರಿವೆ ಕಿತ್ತುಕೊಳ್ಳಬೇಕಾಯಿತು. ಆಗ ಮೊದಲ ಸಲ ಅವಳು ಅತ್ತಳು. ಚಿತ್ರದಲ್ಲಿ ಅವನು ಆ ಪಕ್ಕೆಯನ್ನು ಶುಭ್ರವಾದ ಮಾಸಲು ಹಳದಿಯಲ್ಲಿ ತುಂಬಿದ. ತಾನು ಕೊಂದ ಗುರುತನ್ನು ಯಾವ ಚಿತ್ರಗಾರನೂ ಬರೆಯುವುದಿಲ್ಲ, ಹಕ್ಕಿ ಈಗಷ್ಟೇ ಕೊಂಬೆಗೆ ಬಂದು ಕೂತಂತೆ ತೋರಿಸುವುದೇ ಈ ಕಸುಬಿನ ಮರ್ಯಾದೆ.

ಕಿಟಕಿಯಾಚೆ ಹಕ್ಕಿ ಒಂದು ಹುಳವನ್ನು ಕೊಂಬೆಗೆ ಬಡಿದು ನುಂಗಿ, ಮಗ್ಗುಲು ಬದಲಿಸಿತು. ಬಿಸಿಲು ನೇರ ಅದರ ಮೇಲೆ ಬಿತ್ತು. ಪಕ್ಕೆಯಲ್ಲಿ ಕಂದುಗೆಂಪು. ಅದೇ ಜಾಗ, ಅದೇ ಬಣ್ಣ! ಈ ಹಕ್ಕಿಗೆ ಯಾರೂ ಗುಂಡು ಹೊಡೆದಿಲ್ಲ. ಹಾಡುತ್ತಿದೆ, ತಿನ್ನುತ್ತಿದೆ. ರೆಕ್ಕೆ ಕೊಡವಿದಾಗ ಎಲಿಶಾ ಇನ್ನೂ ನೋಡಿದ. ಆ ಕೆಂಪು ಪಕ್ಕೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಅಲ್ಲಲ್ಲಿ ತೇಪೆಯಾಗಿ ಹತ್ತುತ್ತಿತ್ತು. ನೆತ್ತಿಯ ಹಸುರಿನ ನಡುವೆ ಕೆಂಪು ಗರಿ ಇಣುಕುತ್ತಿತ್ತು. ಕೆನ್ನೆಯಲ್ಲಿ ಕಪ್ಪು. ಅರ್ಧ ಬಟ್ಟೆ ಬಿಚ್ಚಿ ಅರ್ಧ ಬಟ್ಟೆ ತೊಟ್ಟು ಅವಸರದಲ್ಲಿ ಮನೆಯಿಂದ ಹೊರಟವನಂತಿತ್ತು. ಪೂರ್ತಿ ತೊಟ್ಟರೆ ಅದು ಯಾರೆಂದು ಎಲಿಶಾನಿಗೆ ಗೊತ್ತು. ಅವನಿಗೇನು, ಈ ವಿದ್ಯೆಯ ಗಂಧ ಇರುವ ಎಲ್ಲರಿಗೂ ಗೊತ್ತು. ಕೆಂಪೆದೆಯ ಉಲಿಯಕ್ಕಿ, ಪ್ರತಿ ವಸಂತದಲ್ಲಿ ಒಂದೆರಡು ದಿನ ಸದ್ದಿಲ್ಲದೆ ಹಾದುಹೋಗುತ್ತದೆ, ಹಾಡನ್ನು ಅವನು ಕೇಳಿರಲಿಲ್ಲ ಅಷ್ಟೇ, ರೂಪವನ್ನು ಪ್ರತಿ ಚಿತ್ರಗಾರನೂ ಬರೆದಿದ್ದಾನೆ. ಅದು ಶರತ್ಕಾಲದಲ್ಲಿ ಎಲ್ಲಿ ಮಾಯವಾಗುತ್ತದೆ, ಹಿಂದಿರುಗುವ ದಾರಿ ಯಾವುದು ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಅದು ಎಲ್ಲೂ ಮಾಯವಾಗುತ್ತಿರಲಿಲ್ಲ! ಬೂದು ಬಟ್ಟೆ ತೊಟ್ಟು ಎಲ್ಲರ ಕಣ್ಣೆದುರೇ ಹಾದುಹೋಗುತ್ತಿತ್ತು! ಇಬ್ಬರಲ್ಲ, ಒಬ್ಬನೇ! ಇತ್ತು ಮಗಳೇ, ಬೇರೆ ಬಟ್ಟೆ ಇತ್ತು, ನಾನು ತಲೆಯೆತ್ತಿ ನೋಡದೆ ಇಲ್ಲ ಅಂದುಬಿಟ್ಟೆ! ಎದೆಯೊಳಗೆ ಏನೋ ಉಕ್ಕಿ ಬಂತು. ಇಷ್ಟು ವರ್ಷದಲ್ಲಿ ಇಂಥ ಸಂತೋಷ ಅವನಿಗೆ ಆದದ್ದು ಇನ್ನೊಂದೇ ಸಲ, ಅದೂ ಆ ಮಣ್ಣಿನ ಸದ್ದಿನ ನಡುವೆ. ಹಕ್ಕಿ ಒಂದು ಕೊಂಬೆ ಕೆಳಗೆ ಜಿಗಿಯಿತು, ಪೇಷೆನ್ಸಳ ಕುಲಾವಿ ಅಡ್ಡ ಬಂತು. ಇನ್ನೊಮ್ಮೆ ಆ ಪಕ್ಕೆಯನ್ನು ನೋಡಬೇಕು, ನೋಡಲೇಬೇಕು ಎಂದು ಅವನು ಎದ್ದು ನಿಂತ.

ನಿಂತ ಮೇಲೆ ಗೊತ್ತಾಯಿತು, ನಿಂತದ್ದು. ಸಭೆಯ ಮೌನ ಬದಲಾಗಿತ್ತು. ಕಾಯುವ ಮೌನ ಅದು. ಕುಲಾವಿಗಳು ಒಂದಿಷ್ಟು ಮೇಲೆದ್ದವು, ಗಂಡಸರು ಮಂಡಿಯ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿದರು, ಅಮೋಸ್ ಕಣ್ಣು ತೆರೆದ. ಪೆನ್ನಕ್ ಎದ್ದಿದ್ದಾನೆ! ಈ ಚಿತ್ರ ಬರೆಯುವ ಪೆನ್ನಕ್‌ಗೆ ಕೊನೆಗೂ ಪ್ರೇರಣೆಯಾಗಿದೆ! ಎಲಿಶಾನ ಕಿವಿ ಬಿಸಿಯಾಯಿತು. ಕಾಲು ನಡುಗುತ್ತಿತ್ತು, ಅದನ್ನೂ ಅವರು ದೇವರ ಕೆಲಸವೆಂದೇ ತಿಳಿದಿರಬೇಕು. ಕೂತುಬಿಡಬಹುದಿತ್ತು. ಎದ್ದವನು ಮಾತಾಡದೆ ಕೂತರೆ ಅದು ತಪ್ಪು, ಆದರೆ ಜನ ಒಂದು ವಾರ ಮರುಕಪಟ್ಟು ಮರೆಯುತ್ತಿದ್ದರು. ಕೂತುಬಿಟ್ಟರೆ ಈ ಹಕ್ಕಿಯ ವಿಷಯ ಲೋಕದಲ್ಲಿ ಅವನೊಬ್ಬನಿಗೇ ಗೊತ್ತು. ನಾಳೆ ಗಾಡಿಗೆ ಕೊಟ್ಟು ಕಳಿಸಿದರಾಯಿತು. ಇನ್ನೊಬ್ಬ ಯಾರೋ ಇದನ್ನು ಕಂಡುಹಿಡಿಯುವ ಹೊತ್ತಿಗೆ ತಾನೂ ಥಾಮಸಿನ್ನೂ ಹೆಸರಿಲ್ಲದ ಹುಲ್ಲಿನ ಕೆಳಗಿರುತ್ತಾರೆ, ಅಲ್ಲಿಯವರೆಗಾದರೂ ಮಗು ಹಾರಾಡಿಕೊಂಡಿರಲಿ. ಯಾರಿಗೆ ನಷ್ಟ? ಈ ಜನ ಆಣೆಯಿಡುವುದಿಲ್ಲ, ಹೌದೆಂದರೆ ಹೌದು ಅಷ್ಟೇ. ಗಿಲ್‌ಕ್ರಿಸ್ಟ್‌ನಿಗೆ ಹೌದೆಂದುಬಿಡಬಹುದು. ಬಾಯಿ ಬರುತ್ತದೆಯೇ? ಕಿಟಕಿಯಲ್ಲಿ ಹಕ್ಕಿ ಕಾಣಿಸಿತು, ಪೂರ್ತಿ ಬಿಸಿಲಲ್ಲಿ, ಬಾಯಿ ತೆರೆದು, ಇಡೀ ಮೈ ಅಲುಗಿಸಿ ಹಾಡುತ್ತ. ಅದರ ಮುಂದೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ. ಮಾತಾಡುವವನು ಟೋಪಿ ತೆಗೆಯಬೇಕು. ಅವನು ಟೋಪಿ ತೆಗೆದ.

"ಅದು ರಕ್ತ ಅಲ್ಲ," ಎಂದ. ದನಿ ತಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. ಕೂತುಬಿಟ್ಟ.

ಎಲ್ಲ ಕುಲಾವಿಗಳೂ ಕದಲದೆ ಇದ್ದವು, ಒಂದನ್ನು ಬಿಟ್ಟು. ಥಾಮಸಿನ್ ಕತ್ತು ತಿರುಗಿಸಿ ಮೊದಲು ಅವನನ್ನು, ಆಮೇಲೆ ಅವನ ಕಣ್ಣಿನ ಜಾಡು ಹಿಡಿದು ಕಿಟಕಿಯನ್ನು ನೋಡಿದಳು. ಹಾಗೇ ನೋಡುತ್ತಿದ್ದಳು.

ಹಿರಿಯರು ಕೈಕುಲುಕಿ ಸಭೆ ಮುಗಿಸಿದ್ದೇ ತಡ, ಅಂಗಳದಲ್ಲಿ ಅವನನ್ನು ಸುತ್ತಿಕೊಂಡರು. ಒಬ್ಬ ಭುಜ ತಟ್ಟಿದ, ಇನ್ನೊಬ್ಬ ಕೈ ಹಿಡಿದು ಬಿಡಲೇ ಇಲ್ಲ. ಎಲಿಶಾ ಮರದ ಕಡೆಗೆ ಓಡಬೇಕಿತ್ತು, ಕಾಲು ಅತ್ತಲೇ ಎಳೆಯುತ್ತಿತ್ತು. ಪೇಷೆನ್ಸ್ ದಾರಿಗೆ ಅಡ್ಡವಾಗಿ ನಿಂತಳು. ಅವಳ ಕೆನ್ನೆ ಕೆಂಪಾಗಿತ್ತು.

"ಕಡಿಮೆ ಮಾತು, ಆದ್ರೆ ನಾಟಿತು ಕಣಪ್ಪಾ ಎಲಿಶಾ. ಕುರಿಮರಿಯ ರಕ್ತ, ನಮ್ಮ ಪಾಪಕ್ಕೆ ರಕ್ಷಕ ಸುರಿಸಿದ್ದು, ಅದರ ವಿಚಾರ ತಾನೇ?"

"ಇಲ್ಲ, ಪೇಷೆನ್ಸ್. ಹಕ್ಕಿ ವಿಚಾರ."

"ಹಕ್ಕಿ?"

"ನಿನ್ನ ತಲೆ ಮೇಲಿನ ಕಿಟಕಿಯಾಚೆ ಕೂತಿತ್ತು. ಅಷ್ಟು ಹೊತ್ತೂ ಅದನ್ನೇ ನೋಡ್ತಿದ್ದೆ."

ಪೇಷೆನ್ಸಳ ಕೈ ಲಾಡಿಯ ಮೇಲೆ ಹೋಗಿ ಅಲ್ಲೇ ನಿಂತಿತು. "ಓಹೋ. ಹಕ್ಕೀನಾ," ಎಂದು, ಗಾಡಿಯ ಕಡೆ ತಿರುಗಿ ಹೋದಳು. ಅವಳ ಮುಖ ನೋಡಿ ಎಲಿಶಾನಿಗೆ ನಿಜವಾಗಿಯೂ ಪಾಪ ಅನಿಸಿತು. ಕೈ ಹಿಡಿದಿದ್ದವನು ಕೈ ಬಿಟ್ಟ. ಭುಜ ತಟ್ಟಿದವನು ತನ್ನ ಕುದುರೆಯನ್ನು ತಟ್ಟತೊಡಗಿದ. ಅಮೋಸ್ ಟ್ರಿಂಬಲ್ ಮಾತ್ರ ಕೋಲೂರಿ ಅಲ್ಲೇ ನಿಂತಿದ್ದ.

"ದೇವರ ಹೊತ್ತಲ್ಲಿ ಹಕ್ಕಿ ವಿಚಾರಕ್ಕೆ ಎದ್ದು ನಿಂತೆಯಾ?"

"ಎದ್ದು ನಿಂತದ್ದು ತಪ್ಪೇ, ಗೆಳೆಯಾ. ಗೊತ್ತಿಲ್ದೆ ನಿಂತೆ."

"ಮಾತಾಡಿದ್ದು?"

"ಗೊತ್ತಿದ್ದೇ ಮಾತಾಡಿದೆ."

"ನಿಜ ತಾನೇ ನೀನು ಹೇಳಿದ್ದು?"

"ನಿಜ."

ಮುದುಕ ಗದ್ದ ತುರಿಸಿಕೊಂಡ. "ಹಾಗಾದ್ರೆ ಇರ್ಲಿ ಬಿಡು. ಇನ್ನೊಂದ್ಸಲ ಎದ್ರೆ ಯಾವುದರ ರಕ್ತ, ಯಾಕಲ್ಲ ಅಂತ ಸ್ವಲ್ಪ ಬಿಡಿಸಿ ಹೇಳು. ನಮಗೂ ತಿಳೀಲಿ," ಎಂದು ಕೋಲು ಕುಟ್ಟುತ್ತ ಹೊರಟ. ಅವನು ನಗುತ್ತಿದ್ದನೋ ಇಲ್ಲವೋ ಹಿಂದಿನಿಂದ ತಿಳಿಯಲಿಲ್ಲ.

ಥಾಮಸಿನ್ ಆಗಲೇ ಓಕ್ ಮರದ ಕೆಳಗಿದ್ದಳು. ಕುಲಾವಿ ಬೆನ್ನಿಗೆ ಜಾರಿತ್ತು, ತಲೆ ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಿದ್ದಳು. ಅವನು ಹತ್ತಿರ ಬಂದದ್ದು ಗೊತ್ತಾಗಿಯೂ ಕಣ್ಣು ಕೆಳಗಿಳಿಸಲಿಲ್ಲ.

"ಅಲ್ಲಿದೆ. ಆ ಒಣಗಿದ ಕೊಂಬೆ ಪಕ್ಕ. ಅದೇ ಕಲೆ."

"ಅದೇ."

"ನಾನು ಅಷ್ಟು ಉಜ್ಜಿದ್ದು ಅದರ ಬಣ್ಣಾನಾ?"

"ಬಣ್ಣ. ಗರಿಯದ್ದೇ ಬಣ್ಣ, ಥಾಮಸಿನ್. ಹಳೇ ಬಟ್ಟೆಯಿಂದ ಉಳಿದ ಒಂದು ಚೂರು. ಎರಡು ಜಾತಿ ಅಲ್ಲ, ಇದು ಕೆಂಪೆದೆಯದ್ದೇ, ಚಳಿಗಾಲದ ವೇಷ! ಗಂಟಲು ನೋಡು, ತೇಪೆ ತೇಪೆಯಾಗಿ ಬರ್ತಾ ಇದೆ, ನೆತ್ತಿ ನೋಡು, ಇನ್ನೊಂದು ವಾರ ತಡವಾಗಿದ್ರೆ ಪೂರ್ತಿ ತೊಟ್ಕೊಂಡು ಬಂದಿರೋದು, ನನಗೆ ಗೊತ್ತೇ ಆಗ್ತಿರ್ಲಿಲ್ಲ! ಈ ಮಧ್ಯದಲ್ಲಿ, ಸರಿಯಾಗಿ ಈ ಮಧ್ಯದಲ್ಲಿ ಸಿಕ್ತು ನೋಡು—" ಅವನು ತಟ್ಟನೆ ನಿಲ್ಲಿಸಿದ. ತಾನು ಕುಣಿಯುತ್ತಿದ್ದೇನೆ ಎನ್ನುವುದು ಅವನ ಅರಿವಿಗೆ ಬಂತು. ಗೋಡೆಯಾಚೆಯ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. "ಹೆಸರು ಹೋಗುತ್ತೆ," ಎಂದ. "ಲಿಡಿಯಾ ಹೆಸರು. ಇರೋ ಹಕ್ಕಿಗೆ ಇನ್ನೊಂದು ಹೆಸರಿಡೋ ಹಾಗಿಲ್ಲ. ಅಳಿಸ್ಬೇಕು."

ಅವಳು ಹಕ್ಕಿಯನ್ನೇ ನೋಡುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಉಬ್ಬಿದ ಎದೆ ಒಂದು ನಿಜವನ್ನು ಹೊರಬಿಟ್ಟ ಮೇಲೆ ಇನ್ನೊಂದನ್ನೂ ಹಿಡಿದಿಡಲಾರದೆ ಹೋಯಿತು. "ಇನ್ನೊಂದು ಹೇಳ್ಬೇಕು. ಇದನ್ನ ನಾನು ಮೊದಲು ನೋಡಿದ್ದು ಹೊಡೆದ ದಿನ ಅಲ್ಲ. ಅದರ ಹಿಂದಿನ ದಿನ, ಅವಳ ಮೇಲೆ ಮಣ್ಣು ಹಾಕ್ತಿದ್ದಾಗ. ನಾನು ಕೆಳಗೆ ನೋಡ್ತಿರ್ಲಿಲ್ಲ, ಥಾಮಸಿನ್. ನಾನು ಗೋಡೆ ಮೇಲೆ—"

"ದ್ರಾಕ್ಷಿ ಬಳ್ಳಿಯಲ್ಲಿ," ಎಂದಳು ಥಾಮಸಿನ್.

ಅವನು ಅವಳ ಮುಖ ನೋಡಿದ.

"ಹುಳ ತಿಂತಿತ್ತು. ಎಲೆ ಮಗುಚಿ ಮಗುಚಿ ನೋಡೋದು. ಎಷ್ಟು ಚೆಂದ ಮಗುಚ್ತಿತ್ತು ಅಂದ್ರೆ, ನಾನೂ ಅದನ್ನೇ ನೋಡ್ತಾ ನಿಂತಿದ್ದೆ. ಅದು ಹಾರಿಹೋದ ಮೇಲೆ ಕೆಳಗೆ ನೋಡ್ತೀನಿ, ಮಣ್ಣು ತುಂಬಿ ಆಗಿತ್ತು." ಅವಳ ದನಿ ಸಮನಾಗಿಯೇ ಇತ್ತು. "ಮಾರನೇ ದಿನ ನೀನು ಅದನ್ನೇ ತಂದು ನನ್ನ ಕೈಲಿಟ್ಟೆ. ಬೇಕಂತಲೇ ತಂದೆ, ನಿನಗೆ ಗೊತ್ತಾಗಿಬಿಟ್ಟಿದೆ, ಎಂಥ ತಾಯಿ ಇವಳು ಅಂತ ತೋರಿಸೋಕೆ ತಂದಿದ್ದೀಯ ಅಂದ್ಕೊಂಡೆ. ಅದಕ್ಕೇ ಆ ಕಲೇನ ಅಷ್ಟು ಉಜ್ಜಿದ್ದು."

ಅಂಗಳದಲ್ಲಿ ಗಾಡಿಗಳು ಒಂದೊಂದಾಗಿ ಹೊರಡುತ್ತಿದ್ದವು. ಒಂದು ಚಳಿಗಾಲ ಪೂರ್ತಿ ಇಬ್ಬರೂ ಒಂದೇ ಮೇಜಿನಲ್ಲಿ ಕೂತು, ಒಂದೇ ಹಕ್ಕಿಯನ್ನು ಮುಚ್ಚಿಟ್ಟುಕೊಂಡು ಉಂಡಿದ್ದರು. ಅವನು ಅವಳ ಕೈ ಹಿಡಿದ. ಈ ಜನ ಹಗಲು ಹೊತ್ತಿನಲ್ಲಿ, ಅದೂ ಸಭೆಮನೆಯ ಅಂಗಳದಲ್ಲಿ, ಹಾಗೆಲ್ಲ ಕೈ ಹಿಡಿಯುವುದಿಲ್ಲ. ಹಿಡಿದುಕೊಂಡೇ ಇಬ್ಬರೂ ಮೇಲೆ ನೋಡಿದರು. ಹಕ್ಕಿ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಂದು ಎಲೆ ಮಗುಚಿತು.

"ಗಿಲ್‌ಕ್ರಿಸ್ಟ್‌ಗೆ ಹೇಳಿಕಳಿಸು," ಎಂದಳು ಥಾಮಸಿನ್. "ತಗಡನ್ನ ಹಿಂದಿನಿಂದ ತಟ್ಟು ಅಂತ. ಮೆಲ್ಲಗೆ ತಟ್ಟು ಅನ್ನು."

ಮನೆಗೆ ಹೋಗುವ ದಾರಿಯಲ್ಲಿ ಅವನು ಓಡುತ್ತಿದ್ದನೋ ನಡೆಯುತ್ತಿದ್ದನೋ ಹೇಳುವುದು ಕಷ್ಟ, ಅವಳಂತೂ ಅವನಿಗಿಂತ ಮುಂದಿದ್ದಳು. ಮೊದಲ ದಿನ, ಹೊರಗಿನವರು ಭಾನುವಾರ ಎನ್ನುವ ದಿನ, ಈ ಜನರ ಮನೆಯಲ್ಲಿ ಒಲೆಯನ್ನೇ ಹೆಚ್ಚು ಉರಿಸುವುದಿಲ್ಲ. ಕುಂಚ ಹಿಡಿಯುವ ಮಾತೆಲ್ಲಿ ಬಂತು? ಥಾಮಸಿನ್ ಬಾಗಿಲ ಅಗುಳಿ ಹಾಕಿ, "ಹೂಂ, ಬೇಗ, ಕಣ್ಣಲ್ಲಿ ಇರೋವಾಗ್ಲೇ ಬರಿ," ಎಂದಳು. ಅವನು ಮೂಲ ಚಿತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದ. ಬೂದು ಹಕ್ಕಿ ತನ್ನ ಕೊಂಬೆಯ ಎಡತುದಿಯಲ್ಲಿ ಒಂಟಿಯಾಗಿ ಕೂತಿತ್ತು, ಬಲಗಡೆ ಬಿಳಿ ಕಾಗದ ಖಾಲಿ ಉಳಿದಿತ್ತು. ಅಲ್ಲಿ ಅದೇ ಕೊಂಬೆಯ ಮೇಲೆ ಅವನು ಇನ್ನೊಂದನ್ನು ಬರೆದ, ಅರ್ಧ ತೊಟ್ಟದ್ದನ್ನು, ಬಾಯಿ ತೆರೆದು ಹಾಡುವುದನ್ನು. ಅವಸರಕ್ಕೆ ಗೆರೆ ಒಂದೆರಡು ಕಡೆ ಹಾರಿತು, ಅವನು ತಿದ್ದಲಿಲ್ಲ. ಕೆಮ್ಮಣ್ಣಿಗೆ ಒಂದಿಷ್ಟು ಕಪ್ಪು ಬೆರೆಸಿದ, ಸಾಲದೆನಿಸಿ ಇನ್ನೊಂದಿಷ್ಟು ಕೆಂಪು ಬೆರೆಸಿದ. ಗಂಟಲಿಗೆ ಹಚ್ಚಿದ, ಎದೆಗೆ ಹಚ್ಚಿದ. ಬಾಯಲ್ಲಿ ತನಗೇ ತಿಳಿಯದಂತೆ ಸೀ ಸೀ ಎನ್ನುತ್ತಿದ್ದ. ಥಾಮಸಿನ್ ತಣ್ಣನೆಯ ಮಾಂಸ, ರೊಟ್ಟಿ ತಂದು ಪಕ್ಕದಲ್ಲಿಟ್ಟಳು, ಯಾರೂ ಮುಟ್ಟಲಿಲ್ಲ. ಕೊನೆಗೆ ಅವನು ಅದೇ ಕುಂಚ ಹಿಡಿದು ಎಡಗಡೆಯ ಬೂದು ಹಕ್ಕಿಯ ಕಡೆಗೆ ಬಾಗಿದ.

"ಅಲ್ಲಿ ಬೇಡ," ಎಂದಳು ಥಾಮಸಿನ್. "ಅದನ್ನ ನಾನು ಹಾಕ್ತೀನಿ."

ಇಷ್ಟು ವರ್ಷದಲ್ಲಿ ಅವಳು ಅವನ ಕುಂಚ ತೊಳೆದಿದ್ದಳೇ ಹೊರತು ಕಾಗದಕ್ಕೆ ಮುಟ್ಟಿಸಿದವಳಲ್ಲ. ಅವನು ಎದ್ದು ಜಾಗ ಬಿಟ್ಟ. ಅವಳು ಕೂತು, ಕುಂಚದ ತುದಿಯನ್ನು ಬಟ್ಟಲಿನ ಅಂಚಿಗೆ ಸವರಿ ಹನಿ ಇಳಿಸಿದಳು. ರೆಕ್ಕೆಯ ಕೆಳಗೆ, ಅವನು ಶುಭ್ರವಾಗಿ ಬಿಟ್ಟಿದ್ದ ಹಳದಿಯ ಮೇಲೆ, ಅವಳು ಒಂದು ಸಲ ಒತ್ತಿದಳು. ಬಣ್ಣ ಅರಳಿ ನಿಂತಿತು. ಅವಳು ಅದರ ಪಕ್ಕ ತನ್ನ ಕಿರುಬೆರಳಿನ ಉಗುರನ್ನು ಇಟ್ಟು ಅಳತೆ ನೋಡಿದಳು.

"ಇಷ್ಟೇ ಇತ್ತು, ಅಲ್ವಾ?"

"ಇಷ್ಟೇ ಇತ್ತು," ಎಂದ ಎಲಿಶಾ.